ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಹಿಡಿಯುತ್ತಿಲ್ಲ: ಸಾಮಾನು ಬದಲಿಸುವ ಮುಂಚೆ

ಗ್ಯಾರೇಜಿಗೆ ಬರುವ ಫೋನ್‌ಗಳಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೇನೆ. “ಸೆಲ್ಫ್ ಚೆನ್ನಾಗೇ ಹೊಡೀತಿದೆ ಸಾರ್, ಇಂಜಿನ್ ಹಿಡ್ಕೊಳ್ತಿಲ್ಲ. ಪ್ಲಗ್ ಹೊಸದು ಹಾಕಿಸಿದೆ, ಬ್ಯಾಟರಿನೂ ಬದಲಾಯಿಸಿದೆ. ಇನ್ನು ಫ್ಯೂಯೆಲ್ ಪಂಪ್ ಹಾಕಿಸಲಾ?” ದಯವಿಟ್ಟು ಏನನ್ನೂ ಹಾಕಿಸಬೇಡಿ. ಹಳೆ ಕಾರಿನಲ್ಲಿ ಎಲ್ಲವೂ ಹಳೆಯದೇ. ಯಾವ ಭಾಗದ ಕಡೆ ಬೆರಳು ತೋರಿಸಿದರೂ ಅನುಮಾನ ಸರಿ ಅಂತಲೇ ಅನ್ನಿಸುತ್ತದೆ. ಊಹೆಯ ಮೇಲೆ ಸಾಮಾನು ಬದಲಿಸುತ್ತಾ ಹೋದರೆ ದುಡ್ಡು ಕರಗುತ್ತದೆ, ಕಾರು ನಿಂತಲ್ಲೇ ನಿಂತಿರುತ್ತದೆ.

ಪೆಟ್ರೋಲ್ ಇಂಜಿನ್ ಓಡಬೇಕಾದರೆ ಸರಿಯಾದ ಹೊತ್ತಿಗೆ ಕಿಡಿ ಬರಬೇಕು, ಬೇಕಾದಷ್ಟು ಪೆಟ್ರೋಲ್ ಬರಬೇಕು, ಸಿಲಿಂಡರಿನೊಳಗೆ ಕಂಪ್ರೆಷನ್ (ಗಾಳಿ ಬಿಗಿಯಾಗಿ ಒತ್ತಿಕೊಳ್ಳುವುದು) ಇರಬೇಕು. ಇವುಗಳಲ್ಲಿ ಯಾವುದು ಬರುತ್ತಿಲ್ಲ ಅಂತ ತಿಳಿಯುವ ತನಕ ಹೊಸ ಸಾಮಾನಿನ ಮಾತೇ ಬೇಡ. ಅದನ್ನು ತಿಳಿಯುವ ಸಮಯವೂ ಒಂದೇ: ಕಾರು ಹಠ ಹಿಡಿದು ನಿಂತಿರುವಾಗ. ಹೇಗೋ ಒಂದ್ಸಲ ಸ್ಟಾರ್ಟ್ ಆಗಿಬಿಟ್ಟರೆ ಸುಳಿವೆಲ್ಲ ಅಳಿಸಿಹೋಗುತ್ತದೆ.

ಮೊದಲು ಕಿವಿಗೊಟ್ಟು ಕೇಳಿ. ಸರಿಯಿರುವ ಇಂಜಿನ್‌ಗೆ ಸೆಲ್ಫ್ ಹೊಡೆದಾಗ ಶಬ್ದ ಏರುತ್ತಾ ಇಳಿಯುತ್ತಾ ಇರುತ್ತದೆ. ಒಂದೊಂದು ಸಿಲಿಂಡರೂ ಗಾಳಿಯನ್ನು ಒತ್ತುವಾಗ ಸ್ಟಾರ್ಟರಿಗೆ (ಸೆಲ್ಫ್ ಮೋಟರಿಗೆ) ಭಾರ ಬೀಳುತ್ತದೆ, ಅದರ ಲಯ ಅದು. ಆ ಏರಿಳಿತವೇ ಇಲ್ಲದೆ ಖಾಲಿ ಮಿಕ್ಸಿ ತಿರುಗಿದ ಹಾಗೆ ಸರ್ರನೆ ತಿರುಗಿದರೆ ಕೀಲಿಯಿಂದ ಕೈ ತೆಗೆಯಿರಿ. ಪಿಸ್ಟನ್ನಿನ ತಾಳಕ್ಕೆ ಸರಿಯಾಗಿ ವಾಲ್ವ್ ತೆರೆಸಿ ಮುಚ್ಚಿಸುವ ಟೈಮಿಂಗ್ ಬೆಲ್ಟ್ ಹರಿದಿರಬಹುದು. ಎಷ್ಟೋ ಇಂಜಿನ್‌ಗಳಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ವಾಲ್ವ್ ಒತ್ತುವ ಕ್ಯಾಮ್ ಅಥವಾ ರಾಕರ್ ಕಾಣುತ್ತದೆ. ಇನ್ನೊಬ್ಬರಿಗೆ ಒಂದೇ ಕ್ಷಣ ಸೆಲ್ಫ್ ಹೊಡೆಯಲು ಹೇಳಿ ನೋಡಿ. ಅದು ಅಲ್ಲಾಡದಿದ್ದರೆ ಬೆಲ್ಟ್ ಹೋಗಿದೆ ಎಂದೇ ಲೆಕ್ಕ. ಕೆಲವು ಇಂಜಿನ್‌ಗಳಲ್ಲಿ ಬೆಲ್ಟ್ ಹೋದರೆ ಪಿಸ್ಟನ್ ಬಂದು ವಾಲ್ವ್‌ಗೆ ಹೊಡೆಯುತ್ತದೆ. ಇನ್ನೂ ಸೆಲ್ಫ್ ಹೊಡೆಯುತ್ತಾ ಹೋದರೆ ಕೆಲಸ ದೊಡ್ಡದಾಗುತ್ತದೆ, ಅಷ್ಟೇ.

ಬ್ಯಾಟರಿ ಬಗ್ಗೆ ಒಂದು ಮಾತು. ಸೆಲ್ಫ್ ತಿರುಗಿತು ಅಂದ ಮಾತ್ರಕ್ಕೆ ಬ್ಯಾಟರಿ ಸರಿಯಿದೆ ಅಂತಲ್ಲ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ತುದಿಗಳಿಗೆ ಮಲ್ಟಿಮೀಟರ್ ಹಿಡಿಯಿರಿ. ಸುಮಾರು 9.6 ವೋಲ್ಟ್‌ಗಿಂತ ಕೆಳಗೆ ಇಳಿದರೆ ಸ್ಟಾರ್ಟರ್ ಹೇಗೋ ತಿರುಗೀತು, ಆದರೆ ಕಿಡಿಗೆ ಮತ್ತು ಇಂಜಿನ್ ಕಂಪ್ಯೂಟರಿಗೆ ಸಾಕಾಗುವಷ್ಟು ಕರೆಂಟ್ ಉಳಿಯುವುದಿಲ್ಲ. ಹತ್ತು ಸೆಕೆಂಡಿಗಿಂತ ಜಾಸ್ತಿ ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ. ನಡುವೆ ಒಂದೆರಡು ನಿಮಿಷ ಬಿಡಿ, ಸ್ಟಾರ್ಟರ್ ಬೇಗ ಬಿಸಿಯಾಗುತ್ತದೆ.

ಇನ್ನು ಮುಖ್ಯ ಪ್ರಶ್ನೆ: ಕಿಡಿ ಬರುತ್ತಿಲ್ಲವೋ, ಪೆಟ್ರೋಲ್ ಬರುತ್ತಿಲ್ಲವೋ? ಇದಕ್ಕೆ ನನಗೆ ಅತಿ ಇಷ್ಟವಾದ ಸಾಕ್ಷಿ ಸ್ಪಾರ್ಕ್ ಪ್ಲಗ್. ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆದು, ಕೂಡಲೇ ಒಂದು ಪ್ಲಗ್ ಬಿಚ್ಚಿ ತುದಿ ನೋಡಿ, ಮೂಸಿ. ಒದ್ದೆಯಾಗಿದ್ದು ಪೆಟ್ರೋಲ್ ವಾಸನೆ ಗಪ್ಪನೆ ಹೊಡೆದರೆ, ಪೆಟ್ರೋಲ್ ಬಂದಿದೆ, ಉರಿದಿಲ್ಲ. ಕಿಡಿಯ ಕಡೆ ಹೋಗಿ. ಒಣಗಿದ್ದರೆ ಪೆಟ್ರೋಲಿನ ಕಡೆ ಹೋಗಿ. ಅರ್ಧ ಕೆಲಸ ಇಲ್ಲಿಗೇ ಮುಗಿಯಿತು. ಪ್ಲಗ್ ಬಿಚ್ಚಲು ಜಾಗವೇ ಇಲ್ಲದ ಕಾರುಗಳೂ ಇವೆ. ಅಂಥ ಪೆಟ್ರೋಲ್ ಕಾರಿನಲ್ಲಿ ಏರ್ ಫಿಲ್ಟರ್ ಕಡೆಯಿಂದ ಸ್ಟಾರ್ಟಿಂಗ್ ಸ್ಪ್ರೇ (ಬೇಗ ಹೊತ್ತಿಕೊಳ್ಳುವ ದ್ರವದ ಸ್ಪ್ರೇ) ಚೂರೇ ಚೂರು ಬಿಟ್ಟು ಸೆಲ್ಫ್ ಹೊಡೆಯಬಹುದು. ಎರಡು ಸೆಕೆಂಡ್ ಹಿಡಿದು ಆಫ್ ಆದರೆ ಕಿಡಿ ಇದೆ, ಪೆಟ್ರೋಲ್ ಇಲ್ಲ ಅಂತ ಅರ್ಥ.

ಕಿಡಿ ನೋಡಲು ಸ್ಪಾರ್ಕ್ ಟೆಸ್ಟರ್ ಇಟ್ಟುಕೊಳ್ಳಿ, ಚಿಕ್ಕ ವಸ್ತು. ಪ್ಲಗ್ ವೈರನ್ನು ಕೈಯಲ್ಲಿ ಹಿಡಿದು ಬಾಡಿಗೆ ತಾಗಿಸಿ ನೋಡುವ ಹಳೇ ಚಾಳಿ ಬಿಡಿ. ಎಲೆಕ್ಟ್ರಾನಿಕ್ ಇಗ್ನಿಷನ್‌ನಲ್ಲಿ ಅಲ್ಲಿ ಬರುವುದು ಹತ್ತಾರು ಸಾವಿರ ವೋಲ್ಟ್. ಕೈಗೂ ಅಪಾಯ, ಕಿಡಿ ನಿಯಂತ್ರಿಸುವ ಮಾಡ್ಯೂಲಿಗೂ ಅಪಾಯ. ಕಿಡಿ ನೀಲಿಯಾಗಿ, ಚಟ್ ಚಟ್ ಅಂತ ಸದ್ದು ಮಾಡಬೇಕು. ಹಳದಿಯಾಗಿ ಸೊರಗಿದ್ದರೆ ಅದು ಗಾಳಿಯಲ್ಲಿ ಕಂಡರೂ ಒತ್ತಡದಲ್ಲಿರುವ ಸಿಲಿಂಡರಿನೊಳಗೆ ಹಾರದೇ ಇರಬಹುದು.

ಡಿಸ್ಟ್ರಿಬ್ಯೂಟರ್ (ಕಿಡಿಯ ಕರೆಂಟನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೆ ಹಂಚುವ ಭಾಗ) ಇರುವ ಕಾರಾದರೆ ಅದರ ಕ್ಯಾಪ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಒಳಗೆ ತೇವ ಇದೆಯಾ? ಪೆನ್ಸಿಲ್ ಗೀಟಿನಂಥ ಸಣ್ಣ ಕಪ್ಪು ಗೆರೆ ಇದೆಯಾ? ಆ ಗೆರೆ ಇಂಗಾಲದ್ದು, ಕರೆಂಟ್ ಪ್ಲಗ್‌ಗೆ ಹೋಗದೆ ಅದರ ಮೇಲೇ ಸೋರಿಹೋಗುತ್ತದೆ. ತೇವವನ್ನು ಒಣ ಬಟ್ಟೆಯಿಂದ ಒರೆಸಿದರೆ ಆಯಿತು, ಗೆರೆ ಬಿದ್ದ ಕ್ಯಾಪ್ ಮಾತ್ರ ಬದಲಿಸಲೇಬೇಕು. ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಪುಟ್ಟ ಸ್ವಿಚ್) ಇರುವ ಇನ್ನೂ ಹಳೆ ಕಾರುಗಳಲ್ಲಿ ಪಾಯಿಂಟಿನ ಸಂದು ಸಾಮಾನ್ಯವಾಗಿ 0.4 ಮಿಲಿಮೀಟರ್ ಆಸುಪಾಸು ಇರುತ್ತದೆ. ಮುಖ ಸುಟ್ಟು ಗುಳಿ ಬಿದ್ದಿದ್ದರೆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರನ್ನೂ ಅನುಮಾನಿಸಿ. ಇನ್ನೊಂದು ವಿಚಿತ್ರ ಲಕ್ಷಣ: ಸೆಲ್ಫ್ ಹೊಡೆಯುವಾಗ ಇಂಜಿನ್ ಹಿಡಿಯುತ್ತದೆ, ಕೀಲಿ ಬಿಟ್ಟ ತಕ್ಷಣ ಆಫ್ ಆಗುತ್ತದೆ. ಬ್ಯಾಲಸ್ಟ್ ರೆಸಿಸ್ಟರ್ ಇರುವ ಕಾರಿನಲ್ಲಿ ಮೊದಲು ಅದನ್ನೇ ನೋಡಿ. ಸೆಲ್ಫ್ ಹೊಡೆಯುವಾಗ ಕಿಡಿ ಹುಟ್ಟಿಸುವ ಕಾಯಿಲ್‌ಗೆ ಕರೆಂಟ್ ಬೇರೆ ದಾರಿಯಲ್ಲಿ ಬರುತ್ತದೆ, ಕೀಲಿ ಬಿಟ್ಟಾಗ ಆ ರೆಸಿಸ್ಟರ್ ಮೂಲಕ ಬರುತ್ತದೆ. ಅದು ಕಟ್ ಆಗಿದ್ದರೆ ಹೀಗೇ ಆಗುವುದು.

ಪೆಟ್ರೋಲಿನ ಕಡೆ ಬಂದರೆ, ನಾಚಿಕೆ ಬಿಟ್ಟು ಮೊದಲು ಎರಡು ಲೀಟರ್ ಹಾಕಿ ನೋಡಿ. ಹಳೆ ಕಾರಿನ ಮೀಟರ್ ಮುಳ್ಳನ್ನು ನಂಬಬಾರದು. ಟ್ಯಾಂಕಿನ ಫ್ಲೋಟ್ ಸಿಕ್ಕಿಕೊಂಡಿದ್ದರೆ ಖಾಲಿ ಟ್ಯಾಂಕೂ ಕಾಲು ಭಾಗ ತೋರಿಸುತ್ತದೆ. ಆಮೇಲೆ ಕೀಲಿಯನ್ನು ಆನ್‌ಗೆ ಮಾತ್ರ ತಿರುಗಿಸಿ ಸುಮ್ನೆ ಕೇಳಿ. ಇಂಜೆಕ್ಷನ್ ಕಾರಾದರೆ (ಕಂಪ್ಯೂಟರ್ ಹೇಳಿದಂತೆ ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಕಾರು) ಹಿಂದಿನ ಸೀಟಿನ ಕೆಳಗೆ, ಟ್ಯಾಂಕಿನ ಕಡೆಯಿಂದ ಫ್ಯೂಯೆಲ್ ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಅನ್ನಬೇಕು. ಅನ್ನದಿದ್ದರೆ ಪಂಪ್ ಕೊಳ್ಳಲು ಓಡಬೇಡಿ. ಫ್ಯೂಸ್ ನೋಡಿ. ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್ ಡಬ್ಬಿ) ನೋಡಿ. ಎಷ್ಟೋ ಕಾರುಗಳಲ್ಲಿ ಹಾರ್ನ್ ರಿಲೇಗೂ ಪಂಪ್ ರಿಲೇಗೂ ಮೇಲಿನ ನಂಬರ್ ಒಂದೇ ಇರುತ್ತದೆ, ಅದಲು ಬದಲು ಮಾಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಕೆಲವು ಕಾರುಗಳಲ್ಲಿ ಡಿಕ್ಕಿಯಾದಾಗ ಪಂಪ್ ನಿಲ್ಲಿಸುವ ಸ್ವಿಚ್ ಇದೆ, ದೊಡ್ಡ ಗುಂಡಿಗೆ ಇಳಿದರೂ ಅದು ಹಾರಿಬಿಡಬಹುದು. ಪಂಪಿನ ಸಾಕೆಟ್‌ವರೆಗೆ ಕರೆಂಟ್ ಬಂದು, ಅರ್ಥ್ ಕೂಡ ಸರಿಯಿದ್ದು, ಪಂಪ್ ಸುಮ್ಮನಿದ್ದರೆ ಮಾತ್ರ ಪಂಪ್ ಹೋಗಿದೆ. ಸದ್ದು ಬಂದರೂ ಒತ್ತಡ ಬರುತ್ತದೆ ಅನ್ನುವ ಭರವಸೆ ಇಲ್ಲ, ಗೇಜ್ ಹಾಕಿ ನೋಡಬೇಕು. ಸಿಲಿಂಡರಿಗೊಂದು ಇಂಜೆಕ್ಟರ್ ಇರುವ ಹಳೆ ಕಾರುಗಳಲ್ಲಿ ಅದು ಬಹುತೇಕ 2.5ರಿಂದ 3.5 ಬಾರ್. ಇಂಜೆಕ್ಟರ್ ಬದಲು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇರುವ ಕಾರಿಗೆ ಗೇಜೂ ಬೇಡ. ಇಂಜಿನ್ ಆಫ್ ಇಟ್ಟು, ಏರ್ ಫಿಲ್ಟರ್ ತೆಗೆದು, ಆಕ್ಸಿಲರೇಟರ್ ಲಿಂಕ್ ಎಳೆಯಿರಿ. ಒಳಗೆ ಪೆಟ್ರೋಲ್ ಚಿಮ್ಮಿದರೆ ಕಾರ್ಬುರೇಟರಿನ ಬೌಲ್‌ನಲ್ಲಿ ಪೆಟ್ರೋಲ್ ಇದೆ.

ಪೆಟ್ರೋಲ್ ಬಾರದಿರುವುದು ಮಾತ್ರವಲ್ಲ, ಜಾಸ್ತಿ ಬಂದರೂ ಕಾರು ಸ್ಟಾರ್ಟ್ ಆಗುವುದಿಲ್ಲ. ಓವರ್‌ಫ್ಲೋ ಆಗಿ ವಾಸನೆ ಬರುತ್ತಿದ್ದರೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆಯಿರಿ. ಪಂಪ್ ಮಾಡಬೇಡಿ, ಒತ್ತಿಯೇ ಹಿಡಿಯಿರಿ. ಹೆಚ್ಚಿನ ಇಂಜೆಕ್ಷನ್ ಕಾರುಗಳು ಆಗ ಪೆಟ್ರೋಲ್ ಕಡಿಮೆ ಮಾಡುತ್ತವೆ ಇಲ್ಲವೇ ಪೂರ್ತಿ ನಿಲ್ಲಿಸುತ್ತವೆ. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಚಿತ್ರದ ದೀಪ ಪಟಪಟ ಮಿಂಚುತ್ತಿದ್ದರೆ ಇದ್ಯಾವುದೂ ಬೇಡ, ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಕೀಲಿಯನ್ನು ಗುರುತಿಸುತ್ತಿಲ್ಲ. ಎರಡನೇ ಕೀಲಿ ತನ್ನಿ. ಹಳೆ ಡೀಸೆಲ್ ಕಾರಿನ ದಾರಿ ಬೇರೆ: ಸಿಲಿಂಡರಿನೊಳಗೆ ಬಿಸಿ ಕೊಡುವ ಗ್ಲೋ ಪ್ಲಗ್, ಡೀಸೆಲ್ ಲೈನಿನಲ್ಲಿ ಗಾಳಿ ಸಿಕ್ಕಿಕೊಳ್ಳುವ ಏರ್ ಲಾಕ್, ಡೀಸೆಲ್ ನಿಲ್ಲಿಸುವ ಪಂಪಿನ ಸ್ಟಾಪ್ ಸೊಲೆನಾಯ್ಡ್. ಗ್ಲೋ ಪ್ಲಗ್ ಇರುವ ಇಂಜಿನ್‌ಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಲೇಬೇಡಿ, ಬೇಗ ಹೊತ್ತಿಕೊಂಡು ಪಿಸ್ಟನ್ ಒಡೆದೀತು.

ಕೊನೆಗೆ, ತಲೆ ತಿನ್ನುವ ಕೇಸು. ಬೆಳಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ. ದೂರ ಓಡಿಸಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಗಂಟೆ ಕಳೆದರೆ ಮತ್ತೆ ಸರಿ. ಗ್ಯಾರೇಜಿಗೆ ತರುವಷ್ಟರಲ್ಲಿ ಏನೂ ಆಗಿಲ್ಲದಂತೆ ಓಡುತ್ತಿರುತ್ತದೆ, ಮೆಕ್ಯಾನಿಕ್ ಕೈ ಚೆಲ್ಲುತ್ತಾನೆ. ಇಂಜೆಕ್ಷನ್ ಕಾರುಗಳಲ್ಲಿ ಇದು ಹೆಚ್ಚಾಗಿ, ಇಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನ ಕೆಲಸ. ಬಿಸಿಗೆ ಒಳಗಿನ ತಂತಿ ಸುರುಳಿ ಕಟ್ ಆಗುತ್ತದೆ, ತಣ್ಣಗಾದಾಗ ಕೂಡಿಕೊಳ್ಳುತ್ತದೆ. ಇಂಜಿನ್ ತಿರುಗುತ್ತಿದೆ ಅಂತಲೇ ಕಂಪ್ಯೂಟರಿಗೆ ಗೊತ್ತಾಗದಿದ್ದರೆ ಅದು ಕಿಡಿಯನ್ನೂ ಕೊಡುವುದಿಲ್ಲ, ಇಂಜೆಕ್ಟರನ್ನೂ ತೆರೆಯುವುದಿಲ್ಲ. ಆ ಹೊತ್ತಿನಲ್ಲಿ ಆರ್‌ಪಿಎಂ ಮುಳ್ಳು ನೋಡಿ. ಸೆಲ್ಫ್ ಹೊಡೆಯುವಾಗ ಅದು ಸಾಮಾನ್ಯವಾಗಿ ಅಲ್ಲಾಡುವ ಕಾರಿನಲ್ಲಿ ಈಗ ಸೊನ್ನೆಯಲ್ಲೇ ಕೂತಿದ್ದರೆ ಅನುಮಾನ ಗಟ್ಟಿ. ಸೆನ್ಸರಿಗೆ ಕೈ ಎಟುಕುವಂತಿದ್ದರೆ ಕೀಲಿ ತೆಗೆದು, ಅದರ ಮೈ ಮೇಲೆ ಮಾತ್ರ ತಣ್ಣೀರು ನಿಧಾನವಾಗಿ ಸುರಿಯಿರಿ, ಸಾಕೆಟ್‌ಗೆ ನೀರು ತಾಗದಂತೆ. ಐದು ನಿಮಿಷದಲ್ಲಿ ಕಾರು ಸ್ಟಾರ್ಟ್ ಆದರೆ, ಬದಲಿಸಬೇಕಾದ ಸಾಮಾನು ಯಾವುದು ಅಂತ ಗೊತ್ತಾಯಿತಲ್ವಾ?