ನೋವು ನಿವಾರಣೆಯನ್ನೂ ಕಲಿಯುವ ನರ್ಸ್ ಪ್ರಾಕ್ಟೀಷನರ್

ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸ್ ಹಾಗೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು 1965ರಲ್ಲಿ ಜೊತೆಗೂಡಿ ಆರಂಭಿಸಿದ ತರಬೇತಿಯೇ ನರ್ಸ್ ಪ್ರಾಕ್ಟೀಷನರ್ ವೃತ್ತಿಯ ಮೂಲ. ಮಕ್ಕಳ ಆರೋಗ್ಯಕ್ಕೆಂದು ಹುಟ್ಟಿದ ಈ ವೃತ್ತಿಯವರು ಇಂದು ಅಲ್ಲಿ ವಯಸ್ಕರನ್ನೂ ವೃದ್ಧರನ್ನೂ ಪರೀಕ್ಷಿಸಿ, ರೋಗವನ್ನು ಗುರುತಿಸಿ, ಔಷಧಿ ಬರೆದುಕೊಡುತ್ತಾರೆ.

ಅದಕ್ಕಾಗಿ ನೋಂದಾಯಿತ ನರ್ಸ್ ಒಬ್ಬರು ಸ್ನಾತಕೋತ್ತರ ಮಟ್ಟದಲ್ಲಿ ರೋಗಗಳ ಒಳಪ್ರಕ್ರಿಯೆ, ಔಷಧಶಾಸ್ತ್ರ, ದೇಹಪರೀಕ್ಷೆ ಇವನ್ನು ಮತ್ತಷ್ಟು ಆಳವಾಗಿ ಓದಬೇಕು. 2022ರ ರಾಷ್ಟ್ರೀಯ ಮಾನದಂಡದಂತೆ ಕನಿಷ್ಠ 750 ಗಂಟೆ ರೋಗಿಗಳ ನೇರ ಆರೈಕೆಯಲ್ಲಿ ತೊಡಗಬೇಕು. ವಯಸ್ಕರ ಪ್ರಾಥಮಿಕ ಆರೈಕೆಯ ಜೊತೆಗೇ ಉಪಶಾಮಕ ಆರೈಕೆಯನ್ನೂ, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟಗಳನ್ನು ತಗ್ಗಿಸುವ ಆರೈಕೆಯನ್ನೂ, ಕಲಿಸುವ ಕ್ರಮ ನನಗೆ ಬಹಳ ಸರಿಯೆನಿಸುತ್ತದೆ. ಸಕ್ಕರೆ ಕಾಯಿಲೆ, ಹೃದಯ ವೈಫಲ್ಯ, ಮೂತ್ರಪಿಂಡದ ತೊಂದರೆ ಇವೆಲ್ಲ ಒಬ್ಬರಲ್ಲೇ ಸೇರಿರುವಾಗ, ರಕ್ತದೊತ್ತಡ ನೋಡುವವರೇ ಅವರ ಉಸಿರಾಟದ ಸಂಕಟವನ್ನೂ ಭಯವನ್ನೂ ವಿಚಾರಿಸಬಲ್ಲವರಾಗಿರಬೇಕು.

ತೀವ್ರ ನೋವಿಗೆ ಮಾರ್ಫೀನ್ ಎಂಬ ಔಷಧಿ ಕೊಡುವ ವಿಷಯವನ್ನೇ ನೋಡಿ. ನಿಧಾನವಾಗಿ ಬಿಡುಗಡೆಯಾಗುವ 30 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆರಡು ಬಾರಿ ನುಂಗುವ ರೋಗಿಗೆ ನಡುವೆ ಇದ್ದಕ್ಕಿದ್ದಂತೆ ನೋವು ಉಲ್ಬಣಿಸಿದರೆ, ಒಟ್ಟು 60 ಮಿಲಿಗ್ರಾಂನ ಶೇ 10ರಿಂದ 15ರಷ್ಟು, ಅಂದರೆ 6ರಿಂದ 9 ಮಿಲಿಗ್ರಾಂ, ಬೇಗ ಕೆಲಸ ಮಾಡುವ ಮಾರ್ಫೀನ್ ಬೇಕಾಗುತ್ತದೆಂದು ವಿದ್ಯಾರ್ಥಿ ಲೆಕ್ಕ ಹಾಕುತ್ತಾರೆ. ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಮಾರ್ಫೀನ್ ಯಕೃತ್ತಿನಲ್ಲಿ ಮಾರ್ಪಟ್ಟು ಉಂಟಾಗುವ ವಸ್ತುಗಳು ಮೂತ್ರಪಿಂಡದ ಮೂಲಕ ಹೊರಹೋಗಬೇಕು. ಅದು ಸೋತಿದ್ದರೆ ಅವು ರಕ್ತದಲ್ಲೇ ಉಳಿದು ಅತಿಯಾದ ಮಂಪರು, ಸ್ನಾಯುಗಳ ಸೆಳೆತ, ಉಸಿರಾಟದ ಕುಸಿತವನ್ನು ತರಬಹುದು. ಆಗ ಬೇರೆ ಔಷಧಿಯನ್ನು ಆರಿಸಿಕೊಳ್ಳಬೇಕಾಗುತ್ತದೆ. ಕರುಳಿನ ಚಲನೆಯೂ ನಿಧಾನವಾಗುವುದರಿಂದ ಮಲಬದ್ಧತೆಯ ಔಷಧಿಯನ್ನು ಮೊದಲ ದಿನದಿಂದಲೇ ಬರೆಯುವುದು ರೂಢಿ.

ಮಾತನಾಡುವುದನ್ನೂ ಇಷ್ಟೇ ಶಿಸ್ತಿನಿಂದ ಅಭ್ಯಾಸ ಮಾಡಿಸುತ್ತಾರೆ. ಕೆಟ್ಟ ಸುದ್ದಿ ಹೇಳುವ ಮೊದಲು, ತಮ್ಮ ಕಾಯಿಲೆಯ ಬಗ್ಗೆ ರೋಗಿಗೆ ಈಗಾಗಲೇ ಏನು ಗೊತ್ತಿದೆ, ಇನ್ನೆಷ್ಟು ತಿಳಿಯಲು ಇಷ್ಟವಿದೆ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕಾಯಬೇಕು.

ಉಪಶಾಮಕ ಆರೈಕೆಯೆಂದರೆ ಸಾವಿನ ಅಂಚಿನ ಆರೈಕೆ ಮಾತ್ರ ಎಂಬ ಭಾವನೆ ಇನ್ನೂ ಹೋಗಿಲ್ಲ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಮಾನ್ಯ ಚಿಕಿತ್ಸೆಯ ಜೊತೆಗೆ ಆರಂಭದಿಂದಲೇ ತಜ್ಞ ವೈದ್ಯರು ಹಾಗೂ ಉನ್ನತ ತರಬೇತಿಯ ನರ್ಸ್‌ಗಳ ಉಪಶಾಮಕ ತಂಡವನ್ನು ಕಂಡವರಲ್ಲಿ ಖಿನ್ನತೆ ಕಡಿಮೆಯಿತ್ತು. ಅವರ ಬದುಕುಳಿಕೆಯ ಮಧ್ಯಾಂಕ ಅವಧಿ (ಅರ್ಧದಷ್ಟು ಜನ ಇದಕ್ಕಿಂತ ಹೆಚ್ಚು ಕಾಲ ಬದುಕಿದ ಅವಧಿ) 11.6 ತಿಂಗಳಾಗಿದ್ದರೆ ಉಳಿದವರದು 8.9 ತಿಂಗಳು.