‘ನಮ್ಮ ಜನಕ್ಕೆ ಇದು ಒಗ್ಗಲ್ಲ’ ಎನ್ನುವ ಮುನ್ನ

ಪ್ರಶ್ನೆ: ಕಂಪನಿ ಒಂದೇ, ತರಬೇತಿಯೂ ಒಂದೇ. ಆದರೂ ಒಂದು ದೇಶದ ಶಾಖೆಯಲ್ಲಿ ಲೀನ್ (ವ್ಯರ್ಥ ತಗ್ಗಿಸುವ ಕೆಲಸದ ರೀತಿ), ಕೈಜೆನ್ (ಕೆಲಸ ಮಾಡುವವರೇ ನಿರಂತರ ಮಾಡುವ ಸಣ್ಣ ಸಣ್ಣ ಸುಧಾರಣೆ) ಬೇರೂರುತ್ತವೆ; ಇನ್ನೊಂದರಲ್ಲಿ ಗೋಡೆಯ ಚಾರ್ಟಿನಲ್ಲೇ ಉಳಿಯುತ್ತವೆ. ಅಲ್ಲಿನ ಸಂಸ್ಕೃತಿಯೇ ಕಾರಣವೇ?

ಉತ್ತರ: ಸ್ವಲ್ಪ ಮಟ್ಟಿಗೆ. ಆದರೆ ಸಂಸ್ಕೃತಿಯ ತಲೆಗೆ ಕಟ್ಟುವ ತಪ್ಪಿನಲ್ಲಿ ಹೆಚ್ಚಿನ ಪಾಲು ಆಡಳಿತದ್ದು ಎಂದೇ ನನ್ನ ನಂಬಿಕೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ ಗೈರುಹಾಜರಿಗೂ ಕಳಪೆ ಕಾರುಗಳಿಗೂ ಕುಖ್ಯಾತವಾಗಿತ್ತು. 1982ರಲ್ಲಿ ಬಾಗಿಲು ಹಾಕಿತು. 1984ರಲ್ಲಿ ಜಪಾನಿನ ಟೊಯೋಟಾ ಜೊತೆ ಸೇರಿ ಅಲ್ಲೇ ‘ನಮ್ಮಿ’ (NUMMI) ಎಂಬ ಜಂಟಿ ಕಂಪನಿ ಶುರುವಾದಾಗ ಕೆಲಸಕ್ಕೆ ಬಂದವರಲ್ಲಿ ಬಹುತೇಕರು ಹಳಬರೇ, ಕಾರ್ಮಿಕ ಸಂಘವೂ ಹಳೆಯದೇ. ಆದರೂ ಬಹುಬೇಗ ಅದು ಜನರಲ್ ಮೋಟರ್ಸ್‌ನ ಅತ್ಯುತ್ತಮ ಗುಣಮಟ್ಟದ ಘಟಕಗಳ ಸಾಲಿಗೆ ಸೇರಿತು. ದೋಷ ಕಂಡರೆ ಅಲ್ಲಿ ಯಾರು ಬೇಕಾದರೂ ಆಂಡಾನ್ ಹಗ್ಗ, ಅಂದರೆ ನೆರವು ಕರೆಯುವ, ಬೇಕಾದರೆ ಜೋಡಣೆಯ ಲೈನನ್ನೇ ನಿಲ್ಲಿಸುವ ಹಗ್ಗ, ಎಳೆಯಬಹುದಿತ್ತು. ಎಳೆದರೆ ಟೀಮ್ ಲೀಡರ್ ಬರುತ್ತಿದ್ದುದು ಕೈಜೋಡಿಸಲು. ಕಷ್ಟಕಾಲ ಬಂದರೆ ಮೊದಲು ಮೇಲಿನವರ ಸಂಬಳಕ್ಕೆ ಕತ್ತರಿ, ಕಾರ್ಮಿಕರ ಕಡಿತ ಕೊನೆಯ ದಾರಿ ಎಂದು ಒಪ್ಪಂದದಲ್ಲೇ ಬರೆದಿತ್ತು. ನನ್ನ ಮಟ್ಟಿಗೆ ಹಗ್ಗಕ್ಕಿಂತ ಈ ಭರವಸೆಯೇ ದೊಡ್ಡದು. ಹತ್ತು ಜನರ ಕೆಲಸ ಎಂಟು ಜನರಲ್ಲಿ ಮುಗಿಸುವ ದಾರಿ ತೋರಿಸಿದವನ ಕೆಲಸಕ್ಕೇ ಕುತ್ತು ಬಂದರೆ, ಮುಂದೆ ಯಾರು ಬಾಯಿ ಬಿಟ್ಟಾರು?

ಇದನ್ನೇ ಜನರಲ್ ಮೋಟರ್ಸ್ ಅದೇ ರಾಜ್ಯದ ವ್ಯಾನ್ ನೈಸ್ ಕಾರ್ಖಾನೆಗೆ ಒಯ್ದಾಗ ಹತ್ತಲಿಲ್ಲ. ಲೈನ್ ನಿಲ್ಲುವುದು ಅಲ್ಲಿನ ಮೇಲ್ವಿಚಾರಕರಿಗೆ ಬೇಡವಾಗಿತ್ತು. ಜನ ಅಲ್ಲೂ ಅಮೆರಿಕನ್ನರೇ ತಾನೇ?

ಜಪಾನೀಯರ ಸ್ವಭಾವವೇ ಬೇರೆ ಎನ್ನುವವರೂ ಇದ್ದಾರೆ. ಆದರೆ 1950ರಲ್ಲಿ ಕೆಲಸ ಕಡಿತದ ಮಾತು ಬಂದಾಗ ಟೊಯೋಟಾದಲ್ಲೂ ದೊಡ್ಡ ಮುಷ್ಕರ ನಡೆದು, ಅಧ್ಯಕ್ಷ ಕಿಚಿರೊ ಟೊಯೋಡಾ ರಾಜೀನಾಮೆ ಕೊಟ್ಟಿದ್ದರು. ಅಲ್ಲಿನ ಆಡಳಿತ ಮತ್ತು ಕಾರ್ಮಿಕರ ನಡುವಿನ ನಂಬಿಕೆ ಆಮೇಲೆ ಕಟ್ಟಿದ್ದು.

ಹಾಗೆಂದು ಊರಿನ ರೂಢಿ ಲೆಕ್ಕಕ್ಕೇ ಇಲ್ಲವೆಂದಲ್ಲ. ಮಾತು ಹೊರಬರುವ ದಾರಿಯನ್ನು ಅದು ಬದಲಿಸುತ್ತದೆ. ಹಿರಿಯರೆದುರು ತಪ್ಪು ಎತ್ತಿ ಆಡುವುದು ಅಗೌರವ ಎನ್ನುವ ಕಡೆ, ತುಂಬಿದ ಸಭೆಯಲ್ಲಿ ಅಭಿಪ್ರಾಯ ಕೇಳಿದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ಅಲ್ಲಿ ಸಲಹೆ ತಂಡದ ಹೆಸರಿನಲ್ಲಿ ಬರಲಿ, ತನ್ನ ವಿಭಾಗದ ದೋಷವನ್ನು ಮೇಲಧಿಕಾರಿಯೇ ಮೊದಲು ಬೋರ್ಡಿನ ಮೇಲೆ ಬರೆಯಲಿ. ನೇರ ಮಾತಿನ ರೂಢಿ ಇರುವಲ್ಲಿ ಇಷ್ಟು ಬೇಕಾಗುವುದಿಲ್ಲ. ಆದರೆ ಅಲ್ಲಿ ಒಬ್ಬೊಬ್ಬರ ಬೋನಸ್ ಒಂದೊಂದು ಅಂಕಿಗೆ ಗಂಟು ಬಿದ್ದಿದ್ದರೆ, ವಿಭಾಗ ವಿಭಾಗಗಳ ನಡುವೆ ದೋಷ ಮುಚ್ಚಿಡುವ ಪೈಪೋಟಿ ಶುರುವಾಗುತ್ತದೆ.

ಸೊರಗಿದ ಶಾಖೆಯಲ್ಲಿ ಇನ್ನೊಂದು ತರಬೇತಿ ಇಡುವ ಮೊದಲು, ಕಳೆದ ಬಾರಿ ದೋಷ ಕಂಡು ಲೈನ್ ನಿಲ್ಲಿಸಿದವರಿಗೆ ಆಮೇಲೆ ಏನಾಯಿತು ಎಂದು ಅಲ್ಲಿನ ಕಾರ್ಮಿಕರನ್ನೇ ವಿಚಾರಿಸಿ.