ಒಂದೇ ಕೋಟೆ, ಹಲವು ನಿಯಮ: ಡಂಜನ್ಸ್ ಅಂಡ್ ಡ್ರಾಗನ್ಸ್ ಆವೃತ್ತಿಗಳ ಜಗಳ ಎಲ್ಲಿಂದ ಬಂತು

ತೀರ್ಥಹಳ್ಳಿ ಕಡೆ ಜುಲೈ ಮಳೆ ಹಿಡಿದ ಒಂದು ಸಂಜೆ. ಜಗಲಿಯಲ್ಲಿ ಐದು ಜನ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತಿದ್ದಾರೆ ಎಂದುಕೊಳ್ಳಿ. ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಮಾತು ಮತ್ತು ದಾಳದಿಂದ ಸಾಹಸದ ಕಥೆ ನಡೆಸುವ ಆಟವಿದು. ಆಟದ ಜಾಗ ಕವಲೇದುರ್ಗದಂಥ ಒಂದು ಪಾಳು ಕೋಟೆ. ಎರಡನೇ ಬಾಗಿಲ ಹತ್ತಿರ ಕತ್ತಲಿಂದ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸಜೀವಿ ಒಂದು ಬಾಣ ಬಿಟ್ಟಿತು, ಮಂತ್ರವಾದಿಯ ಎಚ್‌ಪಿ (ಜೀವಬಲದ ಅಂಕ) ಸೊನ್ನೆಗಿಳಿಯಿತು. ‘ಸತ್ತ, ಹೊಸ ಪಾತ್ರ ಬರ್ಕೋ’ ಎನ್ನುತ್ತಾನೆ ಒಬ್ಬ. ‘ಎಲ್ಲಿ ಸತ್ತ ಮಾರಾಯ, ಇನ್ನೂ ದಾಳ ಹಾಕೋದು ಬಾಕಿ ಇದೆ’ ಎನ್ನುತ್ತಾಳೆ ಇನ್ನೊಬ್ಬಳು.

ಇಬ್ಬರೂ ಹೇಳಿದ್ದು ಸರಿಯೇ. ಅವನು ಓದಿಕೊಂಡದ್ದು 1981ರ ಬೇಸಿಕ್ ನಿಯಮ, ಅವಳು ಓದಿಕೊಂಡದ್ದು 2014ರ ಐದನೇ ಆವೃತ್ತಿ. ಮೊದಲನೆಯದರಲ್ಲಿ ಸೊನ್ನೆ ಎಂದರೆ ಸಾವು. ಎರಡನೆಯದರಲ್ಲಿ ಬಿದ್ದವನು ತನ್ನ ಸರದಿ ಬಂದಾಗಲೆಲ್ಲ ಇಪ್ಪತ್ತು ಮುಖದ ದಾಳ ಹಾಕುತ್ತಾನೆ. 10 ಅಥವಾ ಅದಕ್ಕೂ ಹೆಚ್ಚು ಬಿದ್ದರೆ ಒಂದು ಗೆಲುವು, ಕಡಿಮೆ ಬಿದ್ದರೆ ಒಂದು ಸೋಲು. ಮೂರು ಗೆಲುವು ಮೊದಲು ತುಂಬಿದರೆ ಜೀವ ನಿಲ್ಲುತ್ತದೆ, ಮೂರು ಸೋಲು ತುಂಬಿದರೆ ಹೋಯಿತು. 1 ಬಿದ್ದರೆ ಎರಡು ಸೋಲಿನ ಲೆಕ್ಕ. 20 ಬಿದ್ದರೆ ಒಂದು ಎಚ್‌ಪಿ ಹಿಡಿದು ಎದ್ದು ಕೂರುತ್ತಾನೆ.

ಅಪಾಯದ ಪ್ರಮಾಣವೂ ಬೇರೆ. 1981ರ ಮೊದಲ ಹಂತದ ಮಂತ್ರವಾದಿಗೆ ಸಿಗುವುದು ನಾಲ್ಕು ಮುಖದ ದಾಳದಷ್ಟು ಎಚ್‌ಪಿ. ಆರು ಮುಖದ ದಾಳದಷ್ಟು ಪೆಟ್ಟಿನ ಬಾಣ ತಾಗಿದರೆ ನಾಲ್ಕರಲ್ಲಿ ಮೂರು ಸಲ ಅವನು ಸಾಯುತ್ತಾನೆ. 2014ರ ಮಂತ್ರವಾದಿಗೆ ಸಾಮಾನ್ಯವಾಗಿ 8 ಎಚ್‌ಪಿ, ಗಾಬ್ಲಿನ್ ಬಾಣದ ಪೆಟ್ಟು 3ರಿಂದ 8. ಆರರಲ್ಲಿ ಒಂದು ಸಲ ಬೀಳುತ್ತಾನೆ, ಬಿದ್ದ ಮೇಲೂ ಅವಕಾಶ ಉಳಿದಿರುತ್ತದೆ. ಹೆಸರು ಒಂದೇ ಆದರೂ ಇವೆರಡನ್ನು ಬೇರೆ ಬೇರೆ ಆಟಗಳೆಂದೇ ನೋಡಬೇಕು. ಹೀಗೆ ಕವಲೊಡೆದದ್ದಕ್ಕೆ ಅರ್ಧ ಶತಮಾನದ ಹಿನ್ನೆಲೆ ಇದೆ.

ಮೂಲ ಇರುವುದು ಅಮೆರಿಕದ ಯುದ್ಧದಾಟದಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ‘ಚೈನ್‌ಮೇಲ್’ ಎಂಬ ನಿಯಮಪುಸ್ತಕ ತಂದರು. ಮೇಜಿನ ಮೇಲೆ ಪುಟ್ಟ ಬೊಂಬೆ ಸೈನಿಕರನ್ನು ನಿಲ್ಲಿಸಿ ಆಡುವ ಆಟವದು. ಡೇವ್ ಆರ್ನೆಸನ್ ತಮ್ಮ ‘ಬ್ಲ್ಯಾಕ್‌ಮೂರ್’ ಆಟದಲ್ಲಿ ಸೈನ್ಯದ ಬದಲು ಆಟಗಾರನೊಬ್ಬನಿಗೆ ಒಂದೇ ಪಾತ್ರ ಕೊಟ್ಟು, ಕೋಟೆಯ ನೆಲಮಾಳಿಗೆಗೆ ಇಳಿಸಿದರು. ಎರಡೂ ಸೇರಿ 1974ರಲ್ಲಿ ಮೂರು ಪುಸ್ತಿಕೆಗಳ ಒಂದು ಪೆಟ್ಟಿಗೆ ಹೊರಬಂತು. ಮೊದಲ ಮುದ್ರಣ 1000 ಪ್ರತಿ, ಬೆಲೆ 10 ಡಾಲರ್. ಯುದ್ಧದಾಟ ಬಲ್ಲವರಿಗಾಗಿ ಬರೆದದ್ದಾದ್ದರಿಂದ ಎಷ್ಟೋ ಸಂಗತಿ ಅದರಲ್ಲಿ ಹೇಳಿರಲೇ ಇಲ್ಲ. ಹೇಳದೆ ಬಿಟ್ಟದ್ದನ್ನು ಪ್ರತಿ ಊರಿನ ಗುಂಪೂ ತನಗೆ ತೋಚಿದಂತೆ ತುಂಬಿಕೊಂಡಿತು. ಆಡುವ ಶೈಲಿಗಳ ಭೇದ ಶುರುವಾದದ್ದು ಅಲ್ಲಿಂದಲೇ.

ಹಳೆಯ ಆಟ ಅರ್ಥವಾಗಬೇಕಾದರೆ ಅದು ಯಾವುದಕ್ಕೆ ಅಂಕ ಕೊಡುತ್ತಿತ್ತು ಎಂದು ನೋಡಬೇಕು. ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಅನುಭವಾಂಕ. 1981ರ ನಿಯಮದಲ್ಲಿ ಯೋಧ ಎರಡನೇ ಹಂತಕ್ಕೇರಲು 2000 ಅಂಕ ಬೇಕು, ಒಂದು ಗಾಬ್ಲಿನ್ ಕೊಂದರೆ ಸಿಗುವುದು 5. ಕೊಂದೇ ಮೇಲೇರುತ್ತೇನೆ ಎಂದರೆ 400 ಗಾಬ್ಲಿನ್ ಬೇಕು, ಆ ಅಂಕವೂ ಗುಂಪಿನಲ್ಲಿ ಹಂಚಿಹೋಗುತ್ತದೆ. ಹಾಗಾಗಿ ಬುದ್ಧಿವಂತ ಗುಂಪು ಕಾದಾಡುವುದಿಲ್ಲ. ನುಸುಳುತ್ತದೆ, ಲಂಚ ಕೊಡುತ್ತದೆ, ಚಿನ್ನ ಸಿಕ್ಕ ಕೂಡಲೇ ಓಡುತ್ತದೆ.

ಇದರ ಜೊತೆಗೇ ಗಡಿಯಾರ ಓಡುತ್ತಿರುತ್ತದೆ. ಹತ್ತು ನಿಮಿಷಕ್ಕೆ ಒಂದು ಟರ್ನ್. ಪಂಜು ಆರು ಟರ್ನ್‌ಗೆ ಆರುತ್ತದೆ, ಲಾಟೀನಿನ ಎಣ್ಣೆ ಇಪ್ಪತ್ನಾಲ್ಕಕ್ಕೆ ಮುಗಿಯುತ್ತದೆ. ಎರಡು ಟರ್ನ್‌ಗೊಮ್ಮೆ ಆಟ ನಡೆಸುವ ಡಿಎಂ ಆರು ಮುಖದ ದಾಳ ಹಾಕುತ್ತಾರೆ; 1 ಬಿದ್ದರೆ ಅಲೆಮಾರಿ ಪ್ರಾಣಿಯೊಂದು ಎದುರಾಗುತ್ತದೆ. ಅದರ ಹತ್ತಿರ ಚಿನ್ನ ಸಿಗುವುದು ಅಪರೂಪ, ಪೆಟ್ಟು ಮಾತ್ರ ಖಚಿತ. ಹೀಗಾಗಿ ತಡಮಾಡಿದಷ್ಟೂ ನಷ್ಟ. ಇವತ್ತು ಹಳೆಯ ಶೈಲಿ ಪ್ರಯತ್ನಿಸುವವರು ಎಡವುವುದು ಇಲ್ಲೇ. ಪಂಜಿನ ಲೆಕ್ಕ ಕಿರಿಕಿರಿ ಎಂದು ಬಿಡುತ್ತಾರೆ, ಅಲೆಮಾರಿಗಳ ದಾಳ ಮರೆಯುತ್ತಾರೆ. ಆಮೇಲೆ ಆಟಗಾರರು ಪ್ರತಿ ಕಲ್ಲನ್ನೂ ಕೋಲಿನಿಂದ ತಟ್ಟುತ್ತಾ ಮೂರು ತಾಸು ಕಳೆಯುತ್ತಾರೆ, ಏಕೆಂದರೆ ತಟ್ಟಿದ್ದಕ್ಕೆ ಬೆಲೆ ತೆರಬೇಕಿಲ್ಲ. ನೋಟ್‌ಬುಕ್ಕಿನ ಅಂಚಿನಲ್ಲಿ ಟರ್ನ್‌ಗೊಂದು ಗೀಟು ಎಳೆಯುತ್ತಾ ಹೋದರೆ ಸಾಕು, ಆಟಕ್ಕೆ ಬೆನ್ನೆಲುಬು ಮರಳಿ ಬರುತ್ತದೆ.

ಗೈಗ್ಯಾಕ್ಸ್ 1977ರಿಂದ 1979ರ ನಡುವೆ ಮೂರು ದಪ್ಪ ಪುಸ್ತಕಗಳಲ್ಲಿ ‘ಅಡ್ವಾನ್ಸ್ಡ್’ ಆವೃತ್ತಿ ಬರೆದರು. ಎಲ್ಲ ಕಡೆ ಒಂದೇ ನಿಯಮ ಇರಲಿ ಎಂಬುದು ಉದ್ದೇಶ. ಅದರ ಪಕ್ಕದಲ್ಲೇ ಹೊಸಬರಿಗಾಗಿ ಬೇಸಿಕ್ ಸಾಲು ಸಾಗಿತು. ನಿಜವಾದ ತಿರುವು ಬಂದದ್ದು 1984ರಲ್ಲಿ, ‘ಡ್ರಾಗನ್‌ಲ್ಯಾನ್ಸ್’ ಸರಣಿಯಿಂದ. ಅಲ್ಲಿ ಆಟಕ್ಕೆ ಮೊದಲೇ ಹೆಣೆದ ದೊಡ್ಡ ಕಥೆ ಇತ್ತು. ಕೊನೆಯ ಅಧ್ಯಾಯದಲ್ಲಿ ಬೇಕಾದ ನಾಯಕ ಮೊದಲ ಅಧ್ಯಾಯದ ಬಾಣಕ್ಕೇ ಸತ್ತರೆ ಕಥೆ ಮುಂದೆ ಹೋಗುವುದು ಹೇಗೆ? ಕಥೆಯನ್ನು ಉಳಿಸಿಕೊಳ್ಳಬೇಕೆಂಬ ಡಿಎಂ ಪರದೆಯ ಹಿಂದೆ ದಾಳದ ಸಂಖ್ಯೆಯನ್ನು ಬದಲಿಸತೊಡಗುತ್ತಾರೆ. 1989ರ ಎರಡನೇ ಆವೃತ್ತಿ ಬರುವ ಹೊತ್ತಿಗೆ ಚಿನ್ನಕ್ಕೆ ಅಂಕ ಎಂಬುದು ಐಚ್ಛಿಕವಾಯಿತು. ಸಾವಿನ ನಿಯಮ ಹೆಚ್ಚುಕಡಿಮೆ ಹಳೆಯದೇ ಉಳಿಯಿತು, ಆಟದ ಗುರಿ ಬದಲಾಯಿತು. ಆ ಹೊಂದಾಣಿಕೆಯಿಲ್ಲದ ಕಾಲದ ಜಗಳಗಳೇ ಇವತ್ತಿಗೂ ಕೇಳಿಬರುತ್ತಿರುವುದು.

ಆ ಆವೃತ್ತಿಯಲ್ಲಿ ಹೊಸಬರನ್ನು ಹೆದರಿಸುವುದು ‘ಥ್ಯಾಕೋ’, ಅಂದರೆ ಕವಚದ ಅಂಕ ಸೊನ್ನೆ ಇರುವ ಎದುರಾಳಿಗೆ ಪೆಟ್ಟು ತಾಗಲು ಇಪ್ಪತ್ತು ಮುಖದ ದಾಳದಲ್ಲಿ ಬೀಳಬೇಕಾದ ಸಂಖ್ಯೆ. ಕವಚದ ಅಂಕ ಇಳಿದಷ್ಟೂ ರಕ್ಷಣೆ ಹೆಚ್ಚು. ನಿಮ್ಮ ಥ್ಯಾಕೋ 19, ಎದುರಾಳಿಯ ಕವಚ 4 ಎಂದರೆ 19ರಿಂದ 4 ಕಳೆದು 15 ಅಥವಾ ಹೆಚ್ಚು ಬೀಳಬೇಕು. ಅಂಕ ಮೇಲಕ್ಕೇರುವ ಹೊಸ ಪದ್ಧತಿಗೆ ತರಲು 20ರಿಂದ ಹಳೆಯ ಕವಚಾಂಕ ಕಳೆಯಿರಿ: 4 ಇದ್ದದ್ದು 16. ಬೇಸಿಕ್ ಪುಸ್ತಕಗಳಲ್ಲಿ ಬರಿಮೈಯ ಅಂಕ 10ರ ಬದಲು 9. ಅಲ್ಲಿ 19ರಿಂದ ಕಳೆಯಬೇಕು.

1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಆಟವನ್ನು ಕೊಂಡಿತು. 2000ದ ಮೂರನೇ ಆವೃತ್ತಿ ಎಲ್ಲವನ್ನೂ ಒಂದೇ ಸೂತ್ರಕ್ಕೆ ತಂದಿತು: ಇಪ್ಪತ್ತು ಮುಖದ ದಾಳ ಹಾಕು, ನಿನ್ನ ಬಲ ಕೂಡಿಸು, ಗುರಿಯಂಕ ಮುಟ್ಟು. ಪಾತ್ರ ಕಟ್ಟುವುದೇ ಒಂದು ವಿದ್ಯೆಯಾಯಿತು. ಮನೆಯಲ್ಲಿ ಕೂತು ಲೆಕ್ಕ ಹಾಕಿ ಬಂದವನಿಗೂ ಸುಮ್ಮನೆ ಬಂದವನಿಗೂ ಅಜಗಜಾಂತರ. 2008ರ ನಾಲ್ಕನೆಯದು ಕಾಳಗವನ್ನು ಚೌಕದ ಮೇಲೆ ತಂದಿತು. ಶತ್ರುವನ್ನು ಎರಡು ಚೌಕ ಹಿಂದಕ್ಕೆ ತಳ್ಳುವಂಥ ವರಸೆಗಳೇ ಅದರ ಜೀವಾಳ. ಆ ಆವೃತ್ತಿಗೆ ಅನ್ಯಾಯವಾಗಿದೆ ಎಂದೇ ಹೇಳಬೇಕು, ಅದರಷ್ಟು ಅಚ್ಚುಕಟ್ಟಾದ ಕಾಳಗ ಬೇರೆ ಯಾವ ಆವೃತ್ತಿಯಲ್ಲೂ ಇಲ್ಲ. ಆದರೆ ನಕ್ಷೆಯಿಲ್ಲದೆ ಅದನ್ನು ಆಡಲಾಗದು. ಡ್ರಾಯಿಂಗ್ ಹಾಳೆಯ ಮೇಲೆ ಒಂದಂಗುಲದ ಚೌಕ ಗೀಚಿ, ಗೋಟಡಿಕೆಗೆ ಬಣ್ಣ ಹಚ್ಚಿ ಕಾಯಿ ಮಾಡಿಕೊಂಡರೆ ಸಾಕು. ಕರೆಂಟು ಹೋದರೆ ಮಾತ್ರ ಆಟ ನಿಂತಂತೆಯೇ.

2014ರ ಐದನೆಯದು ಮಧ್ಯದ ದಾರಿ ಹಿಡಿಯಿತು. ಸಣ್ಣಪುಟ್ಟ ಕೂಡಿಕಳೆಯುವ ಲೆಕ್ಕಗಳಲ್ಲಿ ಬಹುಪಾಲನ್ನು ತೆಗೆದು, ಅನುಕೂಲ ಇದ್ದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೋ ಎಂದಿತು. ಸರಾಸರಿ 10.5 ಇದ್ದದ್ದು ಇದರಿಂದ ಸುಮಾರು 13.8ಕ್ಕೇರುತ್ತದೆ. 2024ರಲ್ಲಿ ಇದೇ ಪರಿಷ್ಕರಣೆಯಾಗಿ ಬಂದಿದೆ.

ಹಳೆಯ ಕೋಟೆಯ ನಕ್ಷೆಯನ್ನು ಐದನೇ ಆವೃತ್ತಿಯಲ್ಲಿ ಆಡಿಸುವವರು ಗಮನಿಸಬೇಕಾದದ್ದಿದೆ. ಅನೇಕ ಪಾತ್ರಗಳಿಗೆ ಕತ್ತಲಲ್ಲೂ ಕಣ್ಣು ಕಾಣುತ್ತದೆ, ಬೆಳಕಿನ ಮಂತ್ರವನ್ನು ಎಷ್ಟು ಸಲ ಬೇಕಾದರೂ ಹಾಕಬಹುದು, ಎಂಟು ತಾಸು ಮಲಗಿ ಎದ್ದರೆ ಎಚ್‌ಪಿ ಪೂರ್ತಿ ತುಂಬುತ್ತದೆ. ಪಂಜು, ಗಾಯ, ಚಿನ್ನ ಮೂರಕ್ಕೂ ಬೆಲೆ ಇಲ್ಲದಂತಾಗುತ್ತದೆ. ಕೋಟೆಯೊಳಗೆ ದೀರ್ಘ ವಿಶ್ರಾಂತಿ ಇಲ್ಲ ಎಂದು ಮೊದಲೇ ಹೇಳಿ, ಚಿನ್ನಕ್ಕೆ ಅಂಕ ಕೊಟ್ಟರೆ ಅರ್ಧ ಕೆಲಸ ಆದಂತೆ.

ಮಲೆನಾಡಿನಲ್ಲಿ ಈ ಆಟಕ್ಕೆ ಹತ್ತಿರದ ನೆಂಟ ತಾಳಮದ್ದಳೆ. ವೇಷವಿಲ್ಲ, ರಂಗವಿಲ್ಲ, ಭಾಗವತರ ಪದ್ಯ, ಅರ್ಥಧಾರಿಗಳ ಆಶುಮಾತು. ಪ್ರಸಂಗದ ಕೊನೆ ಅಲ್ಲಿ ಗೊತ್ತಿರುತ್ತದೆ, ಇಲ್ಲಿ ಗೊತ್ತಿಲ್ಲ. ಆ ಮಾತಿನ ಸಂಸ್ಕಾರದಲ್ಲಿ ಬೆಳೆದವರಿಗೆ ಐದನೇ ಆವೃತ್ತಿ ಒಂದು ಕಡೆ ಚುಚ್ಚುತ್ತದೆ. ಕೋಟೆಯ ಕಾವಲುಗಾರನ ಮುಂದೆ ಕೃಷ್ಣ ಸಂಧಾನದ ಮಟ್ಟದ ವಾದ ಹೂಡಿದ ಮೇಲೆ ‘ಮನವೊಲಿಕೆಗೆ ದಾಳ ಹಾಕು’ ಎಂದರೆ, ಬಿದ್ದದ್ದು 3. 1981ರಲ್ಲಿ ಅಂಥ ಕೌಶಲ್ಯವೇ ಇರಲಿಲ್ಲ. ಎದುರಾದವರ ಮೊದಲ ಮನಸ್ಸಿಗೆ ಡಿಎಂ ಎರಡು ದಾಳ ಹಾಕುತ್ತಿದ್ದರು: 2 ಬಿದ್ದರೆ ಕೂಡಲೇ ದಾಳಿ, 12 ಬಿದ್ದರೆ ಸ್ನೇಹ, 6ರಿಂದ 8 ಬಿದ್ದರೆ ಅನುಮಾನ. ಉಳಿದದ್ದು ಮಾತಿಗೆ ಬಿಟ್ಟದ್ದು. ಐದನೆಯದರಲ್ಲಿ ಮಾತು ಮೊದಲು, ದಾಳ ಆಮೇಲೆ ಎಂದಿಟ್ಟುಕೊಳ್ಳುವುದೇ ಪರಿಹಾರ. ವಾದ ಕೇಳಿ ಗುರಿಯಂಕವನ್ನು 20ರಿಂದ 15ಕ್ಕೆ, 15ರಿಂದ 10ಕ್ಕೆ ಇಳಿಸಿ. ಕಾವಲುಗಾರನಿಗೆ ಬೇಕಾದದ್ದನ್ನೇ ಕೊಟ್ಟಿದ್ದರೆ ದಾಳವೇ ಬೇಡ. ಮಾತು ಬಾರದವನೊಬ್ಬ ಮಾತುಗಾರನ ಪಾತ್ರ ಹಿಡಿದಿದ್ದರೆ ಏನು ಹೇಳುತ್ತೇನೆಂದು ಒಂದೇ ವಾಕ್ಯದಲ್ಲಿ ತಿಳಿಸಲಿ, ಅವನಿಗೆ ದಾಳವೇ ಆಸರೆ.

ದಾಳದ ಮಾತು ಬಂದಾಗ: ಇಪ್ಪತ್ತು ಮುಖದ ದಾಳ ಊರಿನ ಅಂಗಡಿಯಲ್ಲಿ ಸಿಗದಿದ್ದರೆ ಆಟ ನಿಲ್ಲಬೇಕಿಲ್ಲ. 1979ರ ಸುಮಾರಿಗೆ ಅಮೆರಿಕದಲ್ಲೇ ದಾಳಗಳ ಅಭಾವವಾಗಿ, ಬೇಸಿಕ್ ಪೆಟ್ಟಿಗೆಯಲ್ಲಿ ಕತ್ತರಿಸಿಕೊಳ್ಳುವ ಸಂಖ್ಯೆಯ ಚೀಟಿಗಳನ್ನೇ ಇಟ್ಟಿದ್ದರು. ಡಬ್ಬಿಯೊಂದರಲ್ಲಿ 1ರಿಂದ 10ರ ಚೀಟಿ ಹಾಕಿ, ಜೊತೆಗೆ ಒಂದು ಲೂಡೋ ದಾಳ ಉರುಳಿಸಿ. ದಾಳದಲ್ಲಿ 1ರಿಂದ 3 ಬಿದ್ದರೆ ಚೀಟಿಯ ಸಂಖ್ಯೆ ಹಾಗೆಯೇ, 4ರಿಂದ 6 ಬಿದ್ದರೆ ಅದಕ್ಕೆ 10 ಕೂಡಿಸಿ. ತೆಗೆದ ಚೀಟಿಯನ್ನು ಪ್ರತಿ ಸಲ ಡಬ್ಬಿಗೆ ಹಾಕಿ ಕುಲುಕಲೇಬೇಕು, ಇಲ್ಲವಾದರೆ ಬಂದ ಸಂಖ್ಯೆ ಮತ್ತೆ ಬರದೆ ಲೆಕ್ಕ ಕೆಡುತ್ತದೆ. ನಾಲ್ಕು ಮುಖದ್ದಕ್ಕೆ ಲೂಡೋ ದಾಳವೇ ಸಾಕು, 5 ಅಥವಾ 6 ಬಿದ್ದರೆ ಇನ್ನೊಮ್ಮೆ ಹಾಕಿ. ಚೌಕಾಬಾರದ ನಾಲ್ಕು ಕವಡೆಗಳನ್ನು ಮಾತ್ರ ಅದಕ್ಕೆ ಬಳಸಬೇಡಿ. ಕವಡೆಗಳು ಸಮವಾಗಿ ಬೀಳುತ್ತವೆಂದೇ ಹಿಡಿದರೂ ಹದಿನಾರರಲ್ಲಿ ಆರು ಸಲ ಬರುವುದು ಎರಡು, ನಾಲ್ಕು ಬರುವುದು ಒಂದೇ ಸಲ.

ನಿಯಮಗಳನ್ನು ಬೇರೆಯವರೂ ಬಳಸಲಿ ಎಂದು ವಿಝರ್ಡ್ಸ್ ಕಂಪನಿ 2000ದಲ್ಲಿ ಕೊಟ್ಟ ಮುಕ್ತ ಪರವಾನಗಿಯಿಂದಲೇ ಹಳೆಯ ಶೈಲಿ ಮತ್ತೆ ಚಿಗುರಿತು. ಹಳೆಯ ನಿಯಮಗಳನ್ನೇ ಮತ್ತೆ ಬರೆದುಕೊಟ್ಟ 2006ರ ‘ಓಸ್ರಿಕ್’, 2019ರ ‘ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್’ ಹುಟ್ಟಿದ್ದು ಹಾಗೆ. 2023ರ ಜನವರಿಯಲ್ಲಿ ಕಂಪನಿ ಆ ಪರವಾನಗಿಯನ್ನು ಬಿಗಿ ಮಾಡಲು ಹೊರಟಾಗ ಆಟಗಾರರು ತಿರುಗಿಬಿದ್ದರು. ಅದೇ ತಿಂಗಳು ಐದನೇ ಆವೃತ್ತಿಯ ಮೂಲ ನಿಯಮಗಳ ಸಾರ, ಎಸ್‌ಆರ್‌ಡಿ 5.1, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಂತು. ಮೂಲವನ್ನು ಹೆಸರಿಸಿ ಅದನ್ನು ಕನ್ನಡಕ್ಕೆ ತರಬಹುದು, ಅಚ್ಚು ಹಾಕಿ ಮಾರಲೂಬಹುದು. ಆಟದ ಹೆಸರಿನ ಟ್ರೇಡ್‌ಮಾರ್ಕ್ ಮಾತ್ರ ಆ ಪರವಾನಗಿಯಲ್ಲಿ ಸೇರಿಲ್ಲ, ಮುಖಪುಟಕ್ಕೆ ಬೇರೆ ಹೆಸರು ಹುಡುಕಿಕೊಳ್ಳಬೇಕು.